ಮಾವನ ಮುಂದೆ ಹೇಳಿದ ಅಬ್ಹಾರ್

ಮೊನ್ನೆ ಬಂಗಾರಪೇಟೆಯಲ್ಲಿ ಪಾನಿಪುರಿ ಗಾಡಿಯ ಮುಂದೆ ಸರತಿಯಲ್ಲಿ ನಿಂತಿದ್ದೆ. ಮುಂದಿದ್ದ ಕಾಲೇಜು ಹುಡುಗಿ ಫೋನಿನಲ್ಲಿ "ಐ ಹೇಟ್ ಹಿಮ್" ಅಂದಳು. ಅಷ್ಟೇ ನೋಡಿ, ನನ್ನ ಮೈಯೆಲ್ಲ ಕಿವಿಯಾಯಿತು. ಹೇಟ್ ಅಂತೆ! ನಮ್ಮ ಕಾಲಕ್ಕೆ ಅದು ಬರೀ ಎರಡನೇ ಮೆಟ್ಟಿಲು.

ಆ ಮೆಟ್ಟಿಲು ಕಟ್ಟಿಕೊಟ್ಟವಳು ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ ನಮ್ಮ ಪಕ್ಕದ ಮನೆಯ ಸೆಲ್ವಿ ಅಕ್ಕ. ಟೀಚರ್ ಟ್ರೈನಿಂಗ್ ಓದುತ್ತಿದ್ದ ಅವಳು ಇಷ್ಟವಿಲ್ಲ ಅನ್ನಲು ನನಗೆ ನಾಲ್ಕು ಇಂಗ್ಲಿಷ್ ಪದ ಕಲಿಸಿದ್ದಳು, ಒಂದಕ್ಕಿಂತ ಒಂದು ಖಾರ. ಉಪ್ಪಿಟ್ಟಿಗೆ ಡಿಸ್‌ಲೈಕ್, ಹಾಗಲಕಾಯಿಗೆ ಹೇಟ್, ಗಣಿತದ ಮೇಷ್ಟ್ರಿಗೆ ಡಿಟೆಸ್ಟ್. ತುತ್ತತುದಿಗೆ ಅಬ್ಹಾರ್, ಅಂದರೆ ಕಂಡರೇ ಆಗದಷ್ಟು ಅಸಹ್ಯ. "ಅಬ್ಹಾರ್ ಮಾತ್ರ ಸುಮ್‌ಸುಮ್ನೆ ಖರ್ಚು ಮಾಡ್ಬೇಡ ಕಣ್ಣಮ್ಮಾ, ಜೀವ ಓಗೋ ಟೈಮಲ್ಲಿ ಎತ್ಕೋ" ಅನ್ನುತ್ತಿದ್ದಳು. ಬಡಿಸಿದ್ದನ್ನು ಕನ್ನಡದಲ್ಲಿ ಬೇಡವೆಂದರೆ ಅವ್ವ ಸೌಟು ಎತ್ತುತ್ತಿದ್ದಳು. ಇಂಗ್ಲಿಷಿನಲ್ಲಿ ಅಂದರೆ ನೆರೆಯವರನ್ನು ಕರೆದು ಇನ್ನೊಮ್ಮೆ ಅನ್ನಿಸುತ್ತಿದ್ದಳು.

ಪಿಯುಸಿ ಮುಗಿದ ಬೇಸಿಗೆಯಲ್ಲಿ ಬೂದಿಕೋಟೆಯಿಂದ ಅಜ್ಜಿ ತನ್ನ ಕಿರಿಮಗನನ್ನು, ಅಂದರೆ ನನ್ನ ಮಾವನನ್ನು, ಹೆಣ್ಣು ಕೇಳಲು ಕರೆದುಕೊಂಡು ಬಂದಳು. ನಮ್ಮಲ್ಲಿ ಅಕ್ಕನ ಮಗಳು ತಮ್ಮನಿಗೇ. ಹುಡುಗಿಯನ್ನು ಕೇಳುವ ಪದ್ಧತಿಯಿಲ್ಲ. ಮಾವ ಒಳ್ಳೆಯವನೇ, ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದ. ಆದರೆ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನನ್ನು ಗಂಡ ಎಂದುಕೊಳ್ಳಲು ಆಗಲೇ ಇಲ್ಲ. ಮೇಲಾಗಿ ನನಗೆ ಓದುವ ಹುಚ್ಚು. ಎಲೆಅಡಿಕೆ ತಟ್ಟೆ ಬರುತ್ತಿದ್ದಂತೆ ಎದ್ದು ನಿಂತು "ಐ ಅಬ್ಹಾರ್ ದಿಸ್ ಮ್ಯಾರೇಜ್" ಎಂದೆ.

ಅಜ್ಜಿ ನನ್ನ ಕೆನ್ನೆ ಸವರಿ ನೆಟಿಕೆ ಮುರಿದಳು. "ನಮ್ ಸೊಸೆ ಇಂಗ್ಲೀಸ್ ಮಾತಾಡ್ತಾಳೆ. ಬ್ಯಾಗ ದಿನ ನೋಡಿ ಬುಡಿ."

ನಲ್ಲಿಕಟ್ಟೆಗೆ ಓಡಿದೆ. ಮಾವ ಹಿಂದೆಯೇ ಬಂದ.

"ಏನಮ್ಮಿ ಅದು? ಕನ್ನಡದಾಗೆ ಯೋಳು."

"ನಿನ್ನ ಮದ್ವೆ ಆಗಾಕೆ ನಂಗೆ ಇಷ್ಟ ಇಲ್ಲ ಮಾವ." ಇಂಗ್ಲಿಷಿನಲ್ಲಿ ಸಲೀಸಾಗಿ ಬಂದದ್ದನ್ನು ಕನ್ನಡದಲ್ಲಿ ನಲ್ಲಿಯ ಕಡೆ ಮುಖ ಮಾಡಿ ಹೇಳಿದೆ.

ಅವನು ತಲೆಯಾಡಿಸಿದ. ಒಳಗೆ ಹೋಗಿ "ಈ ಸಂಬಂಧ ನಂಗೆ ಬ್ಯಾಡ ಕಣಮ್ಮ" ಎಂದ. ಎರಡೂ ಮನೆಯ ಬೈಗುಳ ಅವನ ತಲೆಗೇ ಬಿತ್ತು. ನಾನು ಕಾಲೇಜು ಸೇರಿದೆ. ಆ ಖುಷಿಯಲ್ಲಿ ಅವನ ವಿಚಾರ ಯೋಚಿಸಲೇ ಇಲ್ಲ, ಎಂಥ ಸ್ವಾರ್ಥಿ ನೋಡಿ.

ಸರತಿಯಲ್ಲಿ ನಿಂತೇ ಮಾವನಿಗೆ ಫೋನ್ ಹಚ್ಚಿದೆ. "ಮಾವ, ಅವತ್ತು ನಿಂಗೂ ನಾನು ಬ್ಯಾಡವಾಗಿದ್ನಾ?"

ಆ ಕಡೆ ಹಸುವೊಂದು ಕೂಗಿತು. "ಯಾರ್ ಯೋಳಿದ್ದು ನಿಂಗೆ?" ಎಂದ. "ನಿಂಗೇಂತ ಸೀರೇನೂ ತಂದಿಕ್ಕಿದ್ದೆ. ಆಮ್ಯಾಲೆ ನಿಮ್ಮತ್ತೆ ಉಟ್ಟು ಉಟ್ಟು ಅರಿದಾಕಿದ್ಲು."

ನಗುವೂ ಬಂತು, ಕಣ್ಣೂ ತುಂಬಿತು. ಎದುರು ಸ್ಟ್ಯಾಂಡಿನಲ್ಲಿ ಬೂದಿಕೋಟೆ ಬಸ್ಸು ಹೊರಡುವುದರಲ್ಲಿತ್ತು. ಸರತಿ ಬಿಟ್ಟು ಓಡಿದೆ.