ನೇರಣ್ಣನ ಕೈ

ಸರ್ಕಾರಿ ಮುದ್ರಣಾಲಯದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ನೇರಣ್ಣ ಎಂದೇ. ಸೊಟ್ಟಗಿರುವ ಯಾವುದನ್ನೂ ಅವನ ಕಣ್ಣು ಸಹಿಸುತ್ತಿರಲಿಲ್ಲ. ನೆಂಟರ ಮನೆಗೆ ಹೋದರೂ ಗೋಡೆಯ ಪಟವನ್ನು ನೆಟ್ಟಗೆ ಮಾಡಿದ ಮೇಲೆಯೇ ಊಟಕ್ಕೆ ಕೂರುವವನು. ಹಳೆಯ ಮುದ್ರಣಯಂತ್ರವೂ ಅವನೊಬ್ಬನಿಗೇ ಪಳಗಿತ್ತು. ಬೇರೆಯವರು ಮುಟ್ಟಿದರೆ ಕಾಗದವನ್ನು ಮುದ್ದೆಮಾಡಿ ಉಗುಳುತ್ತಿತ್ತು.

ಅವನ ತಂಗಿಯ ಗಂಡ ಅಲ್ಲೇ ಅಚ್ಚುಮೊಳೆ ಜೋಡಿಸುತ್ತಿದ್ದು, ಕೆಮ್ಮಿ ಕೆಮ್ಮಿ ತೀರಿಕೊಂಡಿದ್ದ. ಬಾಡಿಗೆಯ ಒಂದು ಕೋಣೆಯಲ್ಲಿ ತಂಗಿ ಗಂಡನ ಪಿಂಚಣಿಯಿಂದ ಬದುಕಿದ್ದಳು. ಈಗ ಅಂಥ ಪಿಂಚಣಿಯನ್ನೆಲ್ಲ ಅರ್ಧಕ್ಕಿಳಿಸುವ ಆದೇಶ ಗೆಜೆಟ್ಟಿಗೆಂದು ಅದೇ ಮುದ್ರಣಾಲಯಕ್ಕೆ ಬಂದಿತ್ತು. ಸಂಜೆಯೊಳಗೆ ಅಚ್ಚಾಗದಿದ್ದರೆ ಅದರ ಗಡುವು ಮುಗಿದು ಎಲ್ಲವೂ ಮತ್ತೆ ಚರ್ಚೆಗೆ ಹೋಗುತ್ತಿತ್ತು. ನೇರಣ್ಣನೂ ಉಳಿದ ಕೆಲಸಗಾರರೂ ಯಂತ್ರ ನಿಲ್ಲಿಸಿ ಬಾಗಿಲಾಚೆ ಕುಳಿತರು. ತಂಗಿಯೂ ಬಂದು ಕುಳಿತಳು.

“ಬದುಕಿದ್ದಾಗ ಜೀವ ಹಿಂಡಿದ್ರು, ಈಗ ಸತ್ತೋನ ತಟ್ಟೆಗೂ ಕೈ ಹಾಕ್ತಾರೆ,” ಎಂದ ಪುಸ್ತಕ ಹೊಲಿಯುವವನು.

ವ್ಯವಸ್ಥಾಪಕರು ಹೊರಗಿನಿಂದ ಒಬ್ಬ ಮುದ್ರಕನನ್ನು ಕರೆತಂದರು. ಒಳಗೆ ಯಂತ್ರ ಎರಡು ಸಲ ಗುಡುಗಿ ನಿಂತಿತು.

“ಒದೀತಿದೆ ಕೇಳ್ರೋ!” ಹೊಲಿಗೆಯವನು ನಕ್ಕ. “ನೇರಣ್ಣ, ಹೋಗಿ ಅವನನ್ನ ಮನೆಗೆ ಕಳಿಸು.”

“ಬೈಬೇಡ ಅಣ್ಣ, ಅವನಿಗೂ ಹೊಟ್ಟೆಪಾಡು,” ಎಂದಳು ತಂಗಿ.

ನೇರಣ್ಣ ಒಳಹೋದಾಗ ಮುದ್ರಕ ಬೆವರೊರೆಸಿಕೊಳ್ಳುತ್ತಿದ್ದ. “ಇದೇನು ಯಂತ್ರಾನೋ ಕತ್ತೇನೋ? ನನ್ನ ಕೈಲಾಗಲ್ಲಪ್ಪ. ಹೊರಟೆ.”

“ಹೊರಡಿ, ಪುಣ್ಯ ಬರುತ್ತೆ,” ಎಂದ ನೇರಣ್ಣ.

ಅಲ್ಲಿಗೆ ಮುಗಿಯಬೇಕಿತ್ತು. ವ್ಯವಸ್ಥಾಪಕರ ಒತ್ತಾಯಕ್ಕೆ ಮುದ್ರಕ ಕೊನೆಯದಾಗಿ ಯಂತ್ರಕ್ಕೆ ಒಂದು ಹಾಳೆ ಕೊಟ್ಟ. ಹಾಳೆ ಸೊಟ್ಟಗೆ ಒಳಸರಿಯಿತು. ನೇರಣ್ಣನ ಎಡಗೈ ಹಾಳೆಯನ್ನು ನೇರ ಹಿಡಿಯುವ ಅಂಚಿನ ತಡೆಯನ್ನು ಕೂದಲೆಳೆಯಷ್ಟು ಒತ್ತಿತು. ಬಲಗೈ ಅದರ ತಿರುಪನ್ನು ಬಿಗಿದಿತ್ತು. ತಾನೇನು ಮಾಡಿದೆನೆಂದು ಅವನಿಗೆ ತಿಳಿದದ್ದು ಹಾಳೆ ಆಚೆ ಬಂದ ಮೇಲೆ. ಅಕ್ಷರಗಳು ದಾರ ಹಿಡಿದಂತೆ ನಿಂತಿದ್ದವು.

“ಹುಟ್ಟುಗುಣ ಎಲ್ಲಿಗೆ ಹೋಗುತ್ತೆ!” ವ್ಯವಸ್ಥಾಪಕರು ಬೆನ್ನು ತಟ್ಟುತ್ತಲೇ ಅವನನ್ನು ಹೊರಗೆ ದಾಟಿಸಿ ಅಗುಳಿ ಹಾಕಿಕೊಂಡರು.

ಯಂತ್ರದ ಸಮನಾದ ಸದ್ದು ಯಾರ ಕೈಯದೆಂದು ಹೊರಗಿದ್ದ ಎಲ್ಲರಿಗೂ ಗೊತ್ತಿತ್ತು.

“ಹೆದರಿಸಿದ್ರಾ ಅಣ್ಣ?” ತಂಗಿ ಮೆಲ್ಲಗೆ ಕೇಳಿದಳು. ಹೌದೆಂದಿದ್ದರೆ ನಂಬುತ್ತಿದ್ದಳು.

“ಇಲ್ಲ ಕಣೇ. ಹಾಳೆ… ಸೊಟ್ಟ ಹೋಗ್ತಿತ್ತು.”

ಅವಳು ಅವನ ಕೈಗಳನ್ನು ನೋಡಿದಳು. “ಚೆನ್ನಾಗಿ ಬಂತಾ?” ಎಂದಳು.

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಅದನ್ನೇ ಅವನಿಂದ ತಾಳಲಾಗಲಿಲ್ಲ. ಓಡಿಹೋಗಿ ಎರಡೂ ಅಂಗೈಯಿಂದ ಬಾಗಿಲು ಬಡಿದ, ಅಂಗಲಾಚಿದ, ಬೈದ. ಒಳಗೆ ಯಂತ್ರ ಒಮ್ಮೆಯೂ ತಡವರಿಸದೆ ಹಾಳೆಯ ಮೇಲೆ ಹಾಳೆ ಹೊರಹಾಕುತ್ತಲೇ ಇತ್ತು.