ಗುಬ್ಬಿ ಬಸ್ಸಿನಲ್ಲಿ ಕುರಿಯ ಗುಂಡಿಗೆ

ತುಮಕೂರಿನ ಮೆಡಿಕಲ್ ಕಾಲೇಜೊಂದರಲ್ಲಿ ನಾನು ಉಪನ್ಯಾಸಕಿ. ಪ್ರಾಕ್ಟಿಕಲ್ ಕ್ಲಾಸಿಗೆಂದು ಗುಬ್ಬಿಯ ಮಟನ್ ಅಂಗಡಿಯಲ್ಲಿ ಕುರಿಯ ಗುಂಡಿಗೆ ಕೊಂಡು, ಕೆಡದಿರಲೆಂದು ಫಾರ್ಮಲಿನ್ ಡಬ್ಬಿಯಲ್ಲಿ ಮುಳುಗಿಸಿ ಬಸ್ಸು ಹತ್ತಿದ್ದೆ. ಅದರ ಘಾಟು ವಾಸನೆಗೆ ಕಂಡಕ್ಟರ್ ಮೂಗು ಮುಚ್ಚಿಕೊಂಡು ಬಂದ.

“ಏನ್ ಮೇಡಂ ಅದು?”

“ಗುಂಡಿಗೆ. ಕುರೀದು.”

ಸೀಟಿ ಊದಿ ಬಸ್ಸು ನಿಲ್ಲಿಸಿಯೇಬಿಟ್ಟ. “ಮಾಂಸ ಗೀಂಸ ಬಸ್ಸಲ್ಲಿ ತರಂಗಿಲ್ಲ. ಇಳ್ಕೊಳಿ.”

ನಟ್ಟನಡು ರಸ್ತೆ. ಬಸ್ಸೆಲ್ಲ ನನ್ನತ್ತ ತಿರುಗಿತ್ತು. ದಿಕ್ಕು ತೋಚದೆ ಪಾಠ ಶುರುಮಾಡಿದೆ.

“ತಿನ್ನೋಕಲ್ಲಪ್ಪಾ, ಮಕ್ಕಳಿಗೆ ತೋರಿಸೋಕೆ. ಗುಂಡಿಗೇಲಿ ಪರ್ಕಿಂಜೆ ಅಂತ ಕೆಲವು ಜೀವಕೋಶ ಇರ್ತವೆ. ಮೈಕ್ರೋಸ್ಕೋಪಲ್ಲೇ ನೋಡ್ಬೇಕು.”

“ಅವೇ ಅಂತ ಹೆಂಗ್ ಗೊತ್ತಾಗ್ತದೆ?”

“ಬಣ್ಣ ಹಾಕ್ತೀವಿ. ದುಡಿಯೋ ಕೋಶಗಳು ಗಾಢ ಗುಲಾಬಿ ಆಗ್ತವೆ. ಇವು ದಪ್ಪಗೆ, ಬಿಳಿಚ್ಕೊಂಡು ಕಾಣ್ತವೆ. ಇವು ತಾವು ಅಷ್ಟಾಗಿ ದುಡಿಯಲ್ಲ, ಬಡೀರಿ ಅನ್ನೋ ಆರ್ಡರ್ ಮುಟ್ಟಿಸ್ತವೆ ಅಷ್ಟೇ.”

ಕಂಡಕ್ಟರ್ ಮೂಗಿನಿಂದ ಕೈ ತೆಗೆದ. “ನಮ್ ಆಫೀಸಲ್ಲೂ ಅಂಥೋರು ಅವ್ರೆ ಬುಡಿ ಮೇಡಂ. ಬಣ್ಣ ಹಾಕ್ದಿದ್ರೂ ಗೊತ್ತಾಗ್ತಾರೆ. ರೈಟ್, ರೈಟ್!”

ಬಸ್ಸು ಹೊರಟಿತು. ಸ್ಲೈಡುಗಳೂ ಚೆನ್ನಾಗಿ ಬಂದವು. ಆ ಖುಷಿಯಲ್ಲಿ ಸ್ಟಾಫ್ ರೂಮಿನಲ್ಲಿ ಇದನ್ನೆಲ್ಲ ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಮ್ಮ ವಿಭಾಗದ ಮುಖ್ಯಸ್ಥರೊಬ್ಬರನ್ನು ಬಿಟ್ಟು. ಅವರು ಹಾಕಿದ ಮುಂದಿನ ವಾರದ ಟೈಮ್‌ಟೇಬಲ್‌ನಲ್ಲಿ ಬೆಳಗಿನ ಮೊದಲ ಕ್ಲಾಸುಗಳೆಲ್ಲ ನನ್ನ ಹೆಸರಿನಲ್ಲಿದ್ದವು.