ಮಿಷನ್ ಹಾಕದೆ ಬರೆಸಿದ ಹೊಗೆ ಚೀಟಿ

ಆಗ ನಾನು ಸಾಸ್ತಾನದಿಂದ ಬ್ರಹ್ಮಾವರದ ಮೂಲಕ ಕೊಕ್ಕರ್ಣೆಗೆ ಹಳೆಯ ಡೀಸೆಲ್ ವ್ಯಾನು ಓಡಿಸುತ್ತಿದ್ದೆ. ಬೆಳಗಿನ ಮೊದಲ ಟ್ರಿಪ್ಪಿಗೆ ಮೀನು ಮಾರುವ ಅಕ್ಕ ಒಬ್ಬರು ಖಾಯಂ. ವಯಸ್ಸು ಐವತ್ತು ದಾಟಿತ್ತು. ಎರಡು ಬುಟ್ಟಿಗಳನ್ನು ಹಿಂದಿಟ್ಟು ಅವುಗಳ ಪಕ್ಕದಲ್ಲೇ ಕೂರುತ್ತಿದ್ದರು. ಹಿಂಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಏರು ಹತ್ತುವಾಗ ಕಪ್ಪು ಹೊಗೆ ಆ ಸಂದಿಯಿಂದ ಒಳಗೇ ನುಗ್ಗುತ್ತಿತ್ತು. ಅವರು ಸೆರಗನ್ನು ಮೂಗಿಗೆ ಒತ್ತಿ ಕೆಮ್ಮುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಒಂದು ದಿನ ಕನ್ನಡಿಯನ್ನೇ ಸ್ವಲ್ಪ ಮೇಲಕ್ಕೆ ತಿರುಗಿಸಿಬಿಟ್ಟೆ.

ಹೊಗೆ ತಪಾಸಣೆಯ ಚೀಟಿ ಇಲ್ಲದೆ ಗಾಡಿ ಓಡಿಸುವಂತಿರಲಿಲ್ಲ. ನನ್ನ ವ್ಯಾನು ಪಾಸಾಗುವುದಿಲ್ಲವೆಂದು ನನಗೆ ಗೊತ್ತಿತ್ತು. ಡೀಸೆಲ್ ಪಂಪು ಬಿಚ್ಚಿಸಿದರೆ ವಾರಗಟ್ಟಲೆ ಗ್ಯಾರೇಜಿನಲ್ಲಿ ಬಿಡಬೇಕು. ಕುಂದಾಪುರದಲ್ಲಿ ತಪಾಸಣೆ ಮಾಡುತ್ತಿದ್ದವನು ನನ್ನ ಶಾಲೆಯ ಗೆಳೆಯ. ಸೈಲೆನ್ಸರಿಗೆ ಮಿಷನ್ನಿನ ನಳಿಗೆ ಹಾಕದೆಯೇ ಪಾಸೆಂದು ಬರೆದುಕೊಟ್ಟ. ಹಾಗೆ ಮೂರು ಸಲ.

ಒಂದು ಬೆಳಿಗ್ಗೆ ಬ್ರಹ್ಮಾವರದಲ್ಲಿ ಸಾರಿಗೆ ಇಲಾಖೆಯ ಅಧಿಕಾರಿಯೊಬ್ಬರು ಕೈ ತೋರಿಸಿ ನಿಲ್ಲಿಸಿದರು. ಚೀಟಿ ನೋಡಿ, ಹಿಂದೆ ಹೋಗಿ, ಆಕ್ಸಿಲರೇಟರ್ ಒತ್ತಲು ಹೇಳಿದರು. ಒತ್ತಿದೆ. ರಸ್ತೆಯೇ ಕಪ್ಪಾಯಿತು.

"ಇದು ಪಾಸಾದ ಗಾಡಿಯೇನ್ರೀ?"

ನಾನು ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಹಿಂದಿನಿಂದ ಅಕ್ಕನ ದನಿ ಕೇಳಿತು: "ಇವತ್ತ್ ಮಾತ್ರ ಸಾರ್, ದಿನಾ ಹೀಂಗಿಲ್ಲೆ. ನಾ ದಿನಾ ಬತ್ತೆ ಅಲ್ದಾ, ನಂಗೊತ್ತಿಲ್ಯಾ?" ಮಾತು ಮುಗಿಯುವ ಮೊದಲೇ ಕೆಮ್ಮು ಬಂತು. ಅಧಿಕಾರಿ ಅವರನ್ನೂ ನನ್ನನ್ನೂ ನೋಡಿ, "ನಾಳೆಯೇ ರಿಪೇರಿ ಮಾಡಿಸು" ಎಂದು ಚೀಟಿ ವಾಪಸು ಕೊಟ್ಟರು.

ಕೊಕ್ಕರ್ಣೆಯಲ್ಲಿ ಬುಟ್ಟಿ ಇಳಿಸುವಾಗ ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಆ ಚೀಟಿ ಸುಳ್ಳ್. ಮಿಷನ್ ಹಾಕ್ಲೇ ಇಲ್ಲೆ. ನೀವ್ ಎಂತಕ್ಕೆ ನನ್ ಪರ ಮಾತಾಡಿದ್ದ್?"

"ಹ್ವಾಯ್, ಅದ್ ನಂಗೊತ್ತಿತ್ತ್ ಮಾರಾಯ್ರೆ. ಬಸ್ಸಂಗೆ ಮೀನ್ ಬುಟ್ಟಿ ಹತ್ಸುಕೆ ಬಿಡುದಿಲ್ಲೆ. ನಿಮ್ ಗಾಡಿ ನಿಂತ್ರೆ ನಾ ಎಂತದ್ರಗೆ ಬಪ್ದ್?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿ ನಾಲ್ಕು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮರುದಿನವೇ ವ್ಯಾನನ್ನು ಗ್ಯಾರೇಜಿಗೆ ಬಿಟ್ಟೆ. ಪಂಪು, ನಾಜಲ್, ಹಿಂಬಾಗಿಲಿನ ರಬ್ಬರು, ಎಲ್ಲ ಹೊಸದು. ನಳಿಗೆ ಹಾಕಿಸಿಯೇ ಪರೀಕ್ಷೆ ಮಾಡಿಸಿದೆ, ಪಾಸಾಯಿತು. ಹತ್ತು ದಿನದ ಮೇಲೆ ಅಕ್ಕ ಮತ್ತೆ ಹತ್ತಿದರು.

"ಈಗ ಹೊಗೆ ಇಲ್ಲೆ ಅಲ್ದಾ ಅಕ್ಕಾ?"

"ಇಲ್ಲೆ, ಇಲ್ಲೆ," ಎಂದರು, ಕೆಮ್ಮುತ್ತಲೇ.

ಆಮೇಲೂ ಎರಡು ವರ್ಷ ನನ್ನ ಗಾಡಿಯಲ್ಲೇ ಬಂದರು. ಕೆಮ್ಮು ಬಿಡಲಿಲ್ಲ. ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳುವ ಧೈರ್ಯ ನನಗೆ ಒಂದು ದಿನವೂ ಬರಲಿಲ್ಲ.